ಆನ್‌ಲೈನ್ ಚರ್ಚೆಯಿಂದ ಕಲಿಕೆಯ ಬಳಗ ಕಟ್ಟುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಲಿಕೆಯ ಗುಂಪೊಂದರಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಹೀಗಿತ್ತು: ‘ಈ ವಾರದ ಅಧ್ಯಾಯ ಓದಿದ್ದೀರಲ್ಲ, ನಿಮ್ಮ ಅನಿಸಿಕೆ ತಿಳಿಸಿ.’ ಗುಂಪಿನಲ್ಲಿದ್ದವರು 43 ಜನ. ಬಂದ ಉತ್ತರ ಮೂರು. ‘ತುಂಬ ಚೆನ್ನಾಗಿದೆ ಸರ್.’ ‘ಹೌದು, ಉಪಯುಕ್ತ ಮಾಹಿತಿ.’ ‘ಧನ್ಯವಾದಗಳು.’ ಉಳಿದಂತೆ ಹೆಬ್ಬೆರಳುಗಳ ಸಾಲು. ತಪ್ಪು ಆ್ಯಪ್‌ನದ್ದು ಅಂದುಕೊಂಡು ಎಲ್ಲರನ್ನೂ ಬೇರೊಂದು ಆ್ಯಪ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಹೆಬ್ಬೆರಳಿನ ಬದಲು ಹೃದಯದ ಚಿತ್ರ ಬಂತು, ಅಷ್ಟೇ ವ್ಯತ್ಯಾಸ.

ಕಾರಣ ಹೊಳೆಯಲು ಬಹಳ ದಿನ ಹಿಡಿಯಿತು. ಆ ಪ್ರಶ್ನೆ ಕೇಳಿದಾಗ ಗುಂಪಿನಲ್ಲಿ ಯಾರಿಗೂ ಇನ್ನೊಬ್ಬರ ಉತ್ತರ ಬೇಕಿರಲಿಲ್ಲ. ಪಕ್ಕದವರು ಏನು ಬರೆದರು ಎಂದು ಓದದೆಯೇ ಎಲ್ಲರೂ ತಮ್ಮ ಪಾಡಿಗೆ ‘ಚೆನ್ನಾಗಿದೆ’ ಎಂದು ಹೇಳಿ ಹೋಗಬಹುದಿತ್ತು. ಹಾಗೆಯೇ ಹೋದರು. ಆಮೇಲಿಂದ ಚರ್ಚೆಯ ಯಾವ ಕೆಲಸಕ್ಕೆ ಕೈಹಾಕಿದರೂ ನನ್ನನ್ನು ನಾನು ಕೇಳಿಕೊಳ್ಳುವುದು ಒಂದೇ ಮಾತು: ಇಲ್ಲಿ ಒಬ್ಬರಿಗೆ ಇನ್ನೊಬ್ಬರ ಅಗತ್ಯ ಬೀಳುತ್ತದೆಯೇ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿದವು. ನೀವು ಶಿಕ್ಷಕರಿರಬಹುದು, ಪರೀಕ್ಷೆಗೆ ಒಟ್ಟಾಗಿ ಓದುವ ಗೆಳೆಯರಿರಬಹುದು, ಒಂದು ಕೌಶಲವನ್ನು ಕೂಡಿ ಕಲಿಯುವ ಉದ್ಯೋಗಿಗಳಿರಬಹುದು, ಕ್ರಮ ಹೆಚ್ಚುಕಡಿಮೆ ಇದೇ.

ಹಂತ 1: ಗುಂಪು ಏತಕ್ಕೆ ಎಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

‘ಜ್ಞಾನ ಹಂಚಿಕೊಳ್ಳಲು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಆರು ವಾರದಲ್ಲಿ ಸಂಖ್ಯಾಶಾಸ್ತ್ರದ ಮೊದಲ ನಾಲ್ಕು ಅಧ್ಯಾಯಗಳ ಲೆಕ್ಕಗಳನ್ನು ಒಬ್ಬರಿಗೊಬ್ಬರು ಬಿಡಿಸಿ ತೋರಿಸುವುದು’ ಎಂದರೆ ಅದು ಗುರಿ. ಗುರಿಗೆ ಕೊನೆಯ ದಿನ ಇರಲಿ. ಮುಗಿಯುವ ದಿನ ಗೊತ್ತಿಲ್ಲದ ಗುಂಪಿಗೆ ಮೊದಲು ಹಬ್ಬದ ಶುಭಾಶಯ ಬರುತ್ತದೆ, ಆಮೇಲೆ ಫಾರ್ವರ್ಡ್, ಕೊನೆಗೆ ಮೌನ.

ಗುಂಪಿನ ಗಾತ್ರವನ್ನೂ ಈಗಲೇ ನಿರ್ಧರಿಸಿ. ನೂರು ಜನರ ಮುಂದೆ ‘ನನಗಿದು ಅರ್ಥವಾಗಲಿಲ್ಲ’ ಎನ್ನಲು ಎದೆ ಗಟ್ಟಿ ಇರಬೇಕು. ಆರು ಜನರ ಮುಂದೆ ಅಷ್ಟು ಬೇಡ. ಬಳಗ ದೊಡ್ಡದಿದ್ದರೆ ಐದರಿಂದ ಎಂಟು ಜನರ ತಂಡಗಳಾಗಿ ಒಡೆಯಿರಿ. ತಂಡ ಮೂವರಿಗಿಂತ ಚಿಕ್ಕದಾದರೆ ಒಬ್ಬರು ಜ್ವರ ಬಂದು ಮಲಗಿದ ದಿನ ಚರ್ಚೆಯೂ ಮಲಗುತ್ತದೆ.

ಹಂತ 2: ಉಪಕರಣ ಆರಿಸಿ, ಆದರೆ ಅದಕ್ಕೇ ವಾರಗಟ್ಟಲೆ ಕೂರಬೇಡಿ

1973ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ಕಲಿಕಾ ವ್ಯವಸ್ಥೆಯಲ್ಲಿ ಒಂದು ತೊಂದರೆ ಇತ್ತು. ದೋಷಗಳನ್ನು ತಿಳಿಸಲು ಎಲ್ಲರೂ ಒಂದೇ ಕಡತದಲ್ಲಿ ಬರೆಯುತ್ತಿದ್ದರು, ಯಾರು ಬೇಕಾದರೂ ಯಾರ ಬರಹವನ್ನಾದರೂ ಅಳಿಸಬಹುದಿತ್ತು. ಡೇವಿಡ್ ವೂಲಿ ಎಂಬ ಯುವ ಪ್ರೋಗ್ರಾಮರ್ ‘ನೋಟ್ಸ್’ ಎಂಬ ತಂತ್ರಾಂಶ ಬರೆದು ಪ್ರತಿ ಟಿಪ್ಪಣಿಯ ಕೆಳಗೆ ಅದರದ್ದೇ ಉತ್ತರಗಳು ಸಾಲಾಗಿ ನಿಲ್ಲುವಂತೆ ಮಾಡಿದರು. ಇಂದು ನಾವು ಥ್ರೆಡ್ ಎನ್ನುವುದರ ಮೊದಲ ರೂಪಗಳಲ್ಲಿ ಇದೂ ಒಂದು. ಇಷ್ಟು ವರ್ಷಗಳಾದರೂ ಉಪಕರಣ ಆರಿಸುವಾಗ ಮೊದಲು ನೋಡಬೇಕಾದದ್ದು ಅದನ್ನೇ: ಪ್ರಶ್ನೆಯ ಕೆಳಗೇ ಅದರ ಉತ್ತರ ನಿಲ್ಲುತ್ತದೆಯೇ, ಇಲ್ಲ ಎಲ್ಲವೂ ಕಲಸಿಹೋಗುತ್ತದೆಯೇ?

ಚಾಟ್ ಗ್ರೂಪ್ ಹೊಳೆ ಇದ್ದಂತೆ. ವಾಟ್ಸಾಪ್ ಗ್ರೂಪಿಗೆ 1,024 ಜನರನ್ನು ಸೇರಿಸಬಹುದು, ಎಲ್ಲರ ಫೋನಿನಲ್ಲೂ ಅದು ಇದೆ, ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಬೆಳಿಗ್ಗೆ ಒಬ್ಬರು ಚಂದದ ವಿವರಣೆ ಬರೆದರೆ ಸಂಜೆಯ ಹೊತ್ತಿಗೆ ಅದು ಎಪ್ಪತ್ತು ಮೆಸೇಜ್‌ಗಳ ಅಡಿ ಸೇರಿರುತ್ತದೆ. ಅಷ್ಟು ದುಡಿದದ್ದೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಜೊತೆಗೆ, ಗ್ರೂಪಿನ ಅಪರಿಚಿತರಿಗೆಲ್ಲ ಒಬ್ಬೊಬ್ಬರ ಫೋನ್ ನಂಬರ್ ಕಾಣುವುದನ್ನು ಎಲ್ಲರೂ ಒಪ್ಪುವುದಿಲ್ಲ, ಮುಖ್ಯವಾಗಿ ಹೆಣ್ಣುಮಕ್ಕಳು. ಸುದ್ದಿ ಮುಟ್ಟಿಸಲು, ‘ಇವತ್ತು ಯಾರು ಬರುತ್ತೀರಿ’ ಎಂದು ಕೇಳಲು ಚಾಟ್ ಸಾಕು. ಯೋಚಿಸಿ ಬರೆಯಬೇಕಾದ ಚರ್ಚೆಗೆ ಬೇರೆ ಜಾಗ ಬೇಕು.

ಚಾಟ್ ಬಿಟ್ಟು ಜನ ಬರುವುದೇ ಇಲ್ಲ ಎಂದಾದರೆ ನಡುದಾರಿ ಇದೆ. ಟೆಲಿಗ್ರಾಂ ಗ್ರೂಪ್‌ಗಳಲ್ಲಿ ‘ಟಾಪಿಕ್ಸ್’ ಆನ್ ಮಾಡಿದರೆ ವಿಷಯಕ್ಕೊಂದು ಕೋಣೆ ಸಿಗುತ್ತದೆ, ನಂಬರ್ ಮರೆಮಾಡಲೂ ಬರುತ್ತದೆ. ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ‘ಫೋರಂ ಚಾನೆಲ್’ ಎಂಬ ಬಗೆ ಇದೆ, ಅಲ್ಲೂ ವಿಷಯಕ್ಕೊಂದು ಥ್ರೆಡ್.

ಕೋರ್ಸ್ ರೂಪದಲ್ಲಿ ನಡೆಸುವವರಿಗೆ ಮೂಡಲ್ ಎಂಬ ಕಲಿಕಾ ತಂತ್ರಾಂಶ ಹಳೆಯ ನಂಬಿಗಸ್ಥ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಇದನ್ನು ಶುರು ಮಾಡಿದರು, ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಅದರ ಫೋರಂಗಳಲ್ಲಿ ಹಲವು ಬಗೆಗಳಿವೆ, ಹೆಚ್ಚಿನವರು ಮೊದಲು ಕಂಡದ್ದನ್ನೇ ಒತ್ತಿ ಮುಂದೆ ಹೋಗುತ್ತಾರೆ. ನನ್ನ ಮೆಚ್ಚಿನದು ‘ಪ್ರಶ್ನೋತ್ತರ’ ಬಗೆ: ಅಲ್ಲಿ ವಿದ್ಯಾರ್ಥಿ ತನ್ನ ಉತ್ತರ ಹಾಕುವ ತನಕ ಇತರರ ಉತ್ತರ ಕಾಣಿಸುವುದಿಲ್ಲ. ಹಾಕಿದ ಮೇಲೂ ತಿದ್ದುವ ಅವಧಿ, ಸಾಮಾನ್ಯವಾಗಿ 30 ನಿಮಿಷ, ಮುಗಿಯಬೇಕು. ಇದರ ಬೆಲೆ ನಾಲ್ಕನೆಯ ಹಂತದಲ್ಲಿ ಗೊತ್ತಾಗುತ್ತದೆ. ಕೋರ್ಸ್ ಅಲ್ಲದ, ವರ್ಷಗಟ್ಟಲೆ ಬಾಳಬೇಕಾದ ಬಳಗಕ್ಕೆ ಡಿಸ್ಕೋರ್ಸ್ ಎಂಬ ಚರ್ಚಾ ತಂತ್ರಾಂಶ ಚೆನ್ನು. ಅದರಲ್ಲಿ ಸದಸ್ಯರಿಗೆ 0ರಿಂದ 4ರವರೆಗೆ ನಂಬಿಕೆಯ ಮಟ್ಟಗಳಿದ್ದು, ಓದಿದಷ್ಟೂ ಬರೆದಷ್ಟೂ ಮೂರನೆಯ ಮಟ್ಟದವರೆಗೆ ಅಧಿಕಾರ ತಾನಾಗಿ ಹೆಚ್ಚುತ್ತದೆ. ಪಠ್ಯವನ್ನು ಸಾಲು ಸಾಲಾಗಿ ಕೂಡಿ ಓದುವವರು ಹೈಪಾಥಿಸಿಸ್ ಅಥವಾ ಪೆರುಸಾಲ್ ನೋಡಬಹುದು. ಅಲ್ಲಿ ಪುಟದ ಅಂಚಿನಲ್ಲಿ, ಆ ಸಾಲಿನ ಪಕ್ಕದಲ್ಲೇ ಚರ್ಚೆ ನಡೆಯುತ್ತದೆ. ‘ನೀವು ಹೇಳುತ್ತಿರುವುದು ಯಾವ ಸಾಲಿನ ಬಗ್ಗೆ’ ಎಂಬ ಗೊಂದಲವೇ ಹುಟ್ಟುವುದಿಲ್ಲ.

ಕೈಗೆ ಬಂದ ಉಪಕರಣವನ್ನು ಹೀಗೆ ಪರೀಕ್ಷಿಸಿ. ಹಳೆಯ ಅಗ್ಗದ ಫೋನಿನಲ್ಲಿ, ಮಂದ ನೆಟ್‌ವರ್ಕಿನಲ್ಲಿ ತೆರೆಯುತ್ತದೆಯೇ? ಕನ್ನಡದಲ್ಲಿ ಟೈಪಿಸಿ ಹುಡುಕಿದರೆ ಸಿಗುತ್ತದೆಯೇ? ಎಲ್ಲ ಚರ್ಚೆಯನ್ನು ಹೊರತೆಗೆದು ಇಟ್ಟುಕೊಳ್ಳಬಹುದೇ? ಉಚಿತ ಯೋಜನೆಯ ಮಿತಿ ಏನು? ಸ್ಲ್ಯಾಕ್ ಎಂಬ ಕಚೇರಿ ಚಾಟ್ ಆ್ಯಪ್‌ನ ಉಚಿತ ಯೋಜನೆಯಲ್ಲಿ 90 ದಿನಕ್ಕಿಂತ ಹಳೆಯ ಮಾತು ಕಾಣಿಸುವುದಿಲ್ಲ. ನಾಲ್ಕು ತಿಂಗಳ ಕೋರ್ಸಿನಲ್ಲಿ ಮೊದಲ ತಿಂಗಳ ಚರ್ಚೆ ಬೇಕಾಗುವುದೇ ಪರೀಕ್ಷೆಯ ಹಿಂದಿನ ವಾರ. ಇನ್ನೊಂದು ಮಾತು: ಚರ್ಚೆಗೆ ಒಂದು, ಸುದ್ದಿಗೆ ಒಂದು, ಎರಡೇ ಜಾಗ. ಮೂರನೆಯದನ್ನು ಸೇರಿಸಿದ ದಿನದಿಂದ ‘ಅದನ್ನು ಎಲ್ಲಿ ಹಾಕಿದ್ರಿ’ ಎಂಬುದೇ ಗುಂಪಿನ ಮುಖ್ಯ ಚರ್ಚೆಯಾಗುತ್ತದೆ.

ಹಂತ 3: ಮೊದಲ ವಾರ ಪಾಠ ಬೇಡ

ಬ್ರಿಟನ್ನಿನ ಶಿಕ್ಷಣತಜ್ಞೆ ಗಿಲ್ಲಿ ಸಾಲ್ಮನ್ ಆನ್‌ಲೈನ್ ಕಲಿಕೆಯ ಐದು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ. ಒಳಗೆ ಬರುವುದು, ಪರಸ್ಪರ ಪರಿಚಯ, ಮಾಹಿತಿ ವಿನಿಮಯ, ಒಟ್ಟಾಗಿ ಜ್ಞಾನ ಕಟ್ಟುವುದು, ಕೊನೆಗೆ ಸ್ವಂತ ಬೆಳವಣಿಗೆ. ನಾವು ಮಾಡುವ ತಪ್ಪೆಂದರೆ ಮೊದಲ ದಿನವೇ ಎಲ್ಲರನ್ನೂ ನಾಲ್ಕನೆಯ ಮೆಟ್ಟಿಲಿಗೆ ಎತ್ತಿ ಕೂರಿಸಲು ಹೋಗುವುದು. ಲಾಗಿನ್ ಆಗಲು ಒದ್ದಾಡುತ್ತಿರುವವರಿಗೆ ‘ವಿಮರ್ಶಾತ್ಮಕವಾಗಿ ಚರ್ಚಿಸಿ’ ಎಂದರೆ ಏನು ಮಾಡಿಯಾರು?

ಮೊದಲ ವಾರದ ಕೆಲಸ ಸಣ್ಣದಿರಲಿ, ಆದರೆ ಕಾಟಾಚಾರದ್ದಾಗಿರದಿರಲಿ. ‘ನಿಮ್ಮ ಪರಿಚಯ ಮಾಡಿಕೊಳ್ಳಿ’ ಎಂದರೆ ಬಯೋಡೇಟಾ ಬರುತ್ತದೆ. ಅದರ ಬದಲು ಹೀಗೆ ಕೇಳಿ ನೋಡಿ: ‘ಈ ವಿಷಯದಲ್ಲಿ ನಿಮಗೆ ಇವತ್ತಿಗೂ ಗೊಂದಲ ಇರುವ ಒಂದು ಸಂಗತಿ ಬರೆಯಿರಿ. ಆಮೇಲೆ ಇತರರದ್ದನ್ನು ಓದಿ, ನಿಮಗೂ ಅದೇ ಗೊಂದಲ ಇದ್ದರೆ ಅವರ ಕೆಳಗೆ ‘ನನಗೂ’ ಎಂದು ಹಾಕಿ.’ ಎರಡು ದಿನದಲ್ಲಿ ಯಾರಿಗೆ ಎಲ್ಲಿ ನೋವಿದೆ ಎಂದು ಗೊತ್ತಾಗುತ್ತದೆ, ಮುಂದಿನ ಐದು ವಾರದ ಪ್ರಶ್ನೆಗಳೂ ನಿಮ್ಮ ಕೈಗೆ ಬಂದಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ‘ಗೊತ್ತಿಲ್ಲ’ ಅನ್ನುವುದು ಇಲ್ಲಿ ಅವಮಾನವಲ್ಲ ಎಂಬುದು ಹೇಳದೆಯೇ ತಿಳಿಯುತ್ತದೆ. ಮೊದಲ ಗೊಂದಲ ನಿಮ್ಮದೇ ಇರಲಿ, ನಿಜವಾದದ್ದಿರಲಿ. ನಟಿಸಿದರೆ ಗೊತ್ತಾಗಿಬಿಡುತ್ತದೆ.

ನಿಯಮಗಳು ಐದಕ್ಕಿಂತ ಹೆಚ್ಚು ಬೇಡ. ನಾನು ಬಳಸುವುದು ನಾಲ್ಕು: ಶೀರ್ಷಿಕೆಯಲ್ಲೇ ಪ್ರಶ್ನೆ ಇರಲಿ (‘ಸಹಾಯ ಬೇಕು’ ಅನ್ನುವುದು ಶೀರ್ಷಿಕೆಯಲ್ಲ). ಏನು ಪ್ರಯತ್ನಿಸಿದಿರಿ ಎಂದು ಹೇಳಿ. ಮಾತನ್ನು ಖಂಡಿಸಿ, ಆಡಿದವರನ್ನಲ್ಲ. ಇಲ್ಲಿ ಬರೆದದ್ದನ್ನು ಕೇಳದೆ ಹೊರಗೆ ಹಂಚಬೇಡಿ.

ನಡುವೆ ಸೇರುವವರನ್ನು ಮರೆಯಬೇಡಿ. ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿಗಳು ನುಗ್ಗುತ್ತಿದ್ದರು, ಸ್ವಲ್ಪ ದಿನ ಗಲಾಟೆ, ಆಮೇಲೆ ಹಳಬರಿಂದ ರೀತಿನೀತಿ ಕಲಿತು ಒಂದಾಗುತ್ತಿದ್ದರು. 1993ರಿಂದಾಚೆ ಹೊಸಬರ ಹರಿವು ನಿಲ್ಲಲೇ ಇಲ್ಲ, ಕಲಿಸಲು ಹಳಬರಿಗೆ ಪುರುಸೊತ್ತೇ ಸಿಗಲಿಲ್ಲ. ಆ ಕಾಲಕ್ಕೆ ‘ಮುಗಿಯದ ಸೆಪ್ಟೆಂಬರ್’ ಎಂದೇ ಹೆಸರು ಬಿತ್ತು. ಹಾಗಾಗಿ ಹೊಸಬರನ್ನು ದಿನಕ್ಕೊಬ್ಬರಂತೆ ಸೇರಿಸುವ ಬದಲು ತಿಂಗಳಿಗೊಮ್ಮೆ ಒಟ್ಟಿಗೆ ಸೇರಿಸಿ, ತಲೆಗೊಬ್ಬ ಹಳಬರನ್ನು ಜೊತೆ ಮಾಡಿ.

ಹಂತ 4: ಪ್ರಶ್ನೆ ಕಟ್ಟುವುದು

ಅರ್ಧಕ್ಕರ್ಧ ಕೆಲಸ ಇಲ್ಲೇ ಇರುವುದು. ವಾರದಲ್ಲಿ ಗುಂಪಿಗೆ ಎರಡು ಗಂಟೆ ಕೊಡುವುದಾದರೆ ಒಂದು ಗಂಟೆಯನ್ನು ಒಂದೇ ಪ್ರಶ್ನೆ ತಿದ್ದಲು ಕೊಡಿ.

‘ಆರ್ಕಿಮಿಡೀಸನ ತತ್ವ ವಿವರಿಸಿ’ ಎಂದು ಕೇಳಿದರೆ ಏನಾಗುತ್ತದೆ? ಮೊದಲನೆಯವರು ಪುಸ್ತಕದ ಸಾಲು ಹಾಕುತ್ತಾರೆ. ಎರಡನೆಯವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಅಲ್ಲಿಗೆ ಮುಗಿಯಿತು. ಅದೇ ವಿಷಯವನ್ನು ಹೀಗೆ ಕೇಳಿ:

‘ಲೋಟದ ತುಂಬ ನೀರಿದೆ, ಅದರಲ್ಲಿ ಒಂದು ಮಂಜುಗಡ್ಡೆ ತೇಲುತ್ತಿದೆ. ಮಂಜು ಪೂರ್ತಿ ಕರಗಿದ ಮೇಲೆ ನೀರು ಹೊರಚೆಲ್ಲುತ್ತದೆಯೇ, ಮಟ್ಟ ಇಳಿಯುತ್ತದೆಯೇ, ಅಷ್ಟೇ ಇರುತ್ತದೆಯೇ? ಮೊದಲು ಊಹೆ ಮತ್ತು ಕಾರಣ ಬರೆಯಿರಿ. ಆಮೇಲೆ ಮನೆಯಲ್ಲಿ ಮಾಡಿ ನೋಡಿ ಫೋಟೋ ಹಾಕಿ.’

ಇಲ್ಲಿ ಜನ ಮೂರು ಪಕ್ಷವಾಗುತ್ತಾರೆ. ‘ಮಂಜು ಕರಗಿ ನೀರು ಸೇರುತ್ತಲ್ಲ, ಚೆಲ್ಲಲೇಬೇಕು’ ಎಂದು ಒಬ್ಬರು. ‘ಮಂಜು ನೀರಿಗಿಂತ ಹೆಚ್ಚು ಜಾಗ ಹಿಡಿಯುತ್ತೆ, ಕರಗಿದರೆ ಇಳಿಯುತ್ತೆ’ ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ, ಹಾಗಾಗಿ ಇಬ್ಬರಿಗೂ ಎದುರಿನವರ ಅರ್ಧ ಬೇಕು. ಈಗ ಮೂಡಲ್‌ನ ಪ್ರಶ್ನೋತ್ತರ ಫೋರಂ ನೆನಪಿಸಿಕೊಳ್ಳಿ. ತನ್ನ ಊಹೆ ಹಾಕದೆ ಇತರರದ್ದು ಕಾಣದಿದ್ದರೆ ಮೊದಲು ಬಂದ ಜಾಣರ ಹಿಂದೆ ಎಲ್ಲರೂ ಸಾಲುಗಟ್ಟುವುದು ತಪ್ಪುತ್ತದೆ. ಆ ಸೌಲಭ್ಯ ಇಲ್ಲದ ಕಡೆ ಮೊದಲ ದಿನ ಊಹೆಗಳನ್ನು ನಿಮಗೆ ಖಾಸಗಿಯಾಗಿ ಕಳಿಸಲು ಹೇಳಿ, ಮರುದಿನ ಎಲ್ಲವನ್ನೂ ಒಟ್ಟಿಗೆ ಹಾಕಿ. ಸ್ವಲ್ಪ ಕೈಕೆಲಸ, ಆದರೆ ಫಲ ಅದೇ.

ನಾನು ಪ್ರಶ್ನೆ ಹಾಕುವ ಮುಂಚೆ ಮೂರು ಸಂಗತಿ ನೋಡುತ್ತೇನೆ. ಇಬ್ಬರು ಬುದ್ಧಿವಂತರು ಇದಕ್ಕೆ ಬೇರೆ ಬೇರೆ ಉತ್ತರ ಕೊಡಬಲ್ಲರೇ? ಐದನೆಯವರಿಗೂ ಹೇಳಲು ಏನಾದರೂ ಉಳಿದಿರುತ್ತದೆಯೇ? ಉತ್ತರಕ್ಕೆ ತನ್ನದೇ ಕಣ್ಣು, ಕೈ, ಅನುಭವ ಬೇಕೇ? ಮೂರನೆಯದು ಈಗ ಇನ್ನೂ ಮುಖ್ಯವಾಗಿದೆ. ಚಾಟ್‌ಬಾಟ್‌ಗೆ ಕೇಳಿ ತಂದು ಅಂಟಿಸಿದ ನುಣ್ಣಗಿನ ಉತ್ತರಗಳು ಗುಂಪಿಗೆ ಬರುತ್ತಲೇ ಇರುತ್ತವೆ. ಅದನ್ನು ಹಿಡಿಯಲು ಪೊಲೀಸ್‌ಗಿರಿ ಮಾಡುವುದು ವ್ಯರ್ಥ. ‘ನಿಮ್ಮ ಲೋಟದ ಫೋಟೋ ಎಲ್ಲಿ’ ಎಂದು ಕೇಳಿದರೆ ಸಾಕು.

ಎಲ್ಲ ವಿಷಯಕ್ಕೂ ಮಂಜುಗಡ್ಡೆ ಸಿಗುವುದಿಲ್ಲ, ನಿಜ. ಓದಬೇಕಾದದ್ದು ಬೆಟ್ಟದಷ್ಟಿದ್ದಾಗ ಜಿಗ್‌ಸಾ ವಿಧಾನ ಕೆಲಸಕ್ಕೆ ಬರುತ್ತದೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಹೊಸದಾಗಿ ಒಂದೇ ತರಗತಿಯಲ್ಲಿ ಕೂರಿಸಿದಾಗ ದ್ವೇಷ ಹೊಗೆಯಾಡುತ್ತಿತ್ತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಪಾಠವನ್ನು ತುಂಡು ಮಾಡಿ ತಂಡದ ಪ್ರತಿ ಮಗುವಿಗೂ ಒಂದೊಂದು ತುಂಡು ಕೊಟ್ಟರು. ಪೂರ್ತಿ ಪಾಠ ಬೇಕೆಂದರೆ ಪಕ್ಕದ ಮಗು ಹೇಳುವುದನ್ನು ಕಿವಿಗೊಟ್ಟು ಕೇಳಲೇಬೇಕು. ಆನ್‌ಲೈನ್‌ನಲ್ಲಿ ಇದು ಇನ್ನೂ ಸುಲಭ. ಒಂದೇ ತುಂಡು ಸಿಕ್ಕವರೆಲ್ಲ ಒಂದು ಥ್ರೆಡ್‌ನಲ್ಲಿ ಸೇರಿ ಎರಡು ದಿನ ಅದನ್ನು ಅರೆದು ಕುಡಿಯಲಿ. ಆಮೇಲೆ ತಮ್ಮ ತಮ್ಮ ತಂಡಕ್ಕೆ ಮರಳಿ ಅದನ್ನು ಕಲಿಸಲಿ. ಕೊನೆಯ ದಿನ ಎಲ್ಲ ತುಂಡುಗಳೂ ಬೇಕಾಗುವ ಒಂದು ಲೆಕ್ಕವನ್ನೋ ಪ್ರಸಂಗವನ್ನೋ ಕೊಡಿ. ಇದನ್ನು ಬಿಟ್ಟರೆ ಜಿಗ್‌ಸಾ ಬರೀ ‘ನೋಟ್ಸ್ ಹಂಚಿಕೆ’ ಆಗಿಬಿಡುತ್ತದೆ.

ಹಂತ 5: ಉತ್ತರಿಸುವುದನ್ನೂ ಕಲಿಸಬೇಕು

‘ಕನಿಷ್ಠ ಇಬ್ಬರಿಗೆ ಪ್ರತಿಕ್ರಿಯಿಸಿ’ ಎಂದು ನಿಯಮ ಮಾಡಿದರೆ ‘ಚೆನ್ನಾಗಿ ಹೇಳಿದ್ರಿ, ನನ್ನದೂ ಅದೇ ಅಭಿಪ್ರಾಯ’ ಎಂದು ಕೋಲೆಬಸವನ ಹಾಗೆ ತಲೆಯಾಡಿಸಿ ಹೋಗುತ್ತಾರೆ. ಅದು ಅವರ ಸೋಮಾರಿತನವಲ್ಲ. ಒಪ್ಪಿಗೆ ಮತ್ತು ಜಗಳದ ನಡುವೆ ಬೇರೇನಿದೆ ಎಂದು ಯಾರೂ ತೋರಿಸಿಲ್ಲ.

ಕೆನಡಾದ ಶಿಕ್ಷಣ ಸಂಶೋಧಕರಾದ ಮಾರ್ಲಿನ್ ಸ್ಕಾರ್ಡಮಾಲಿಯಾ ಮತ್ತು ಕಾರ್ಲ್ ಬೆರೈಟರ್ 1980ರ ದಶಕದಿಂದ ರೂಪಿಸಿದ, ಮುಂದೆ ‘ನಾಲೆಜ್ ಫೋರಂ’ ಎಂದು ಹೆಸರಾದ ವ್ಯವಸ್ಥೆಯಲ್ಲಿ ಮಕ್ಕಳು ಬರೆಯುವಾಗ ಆರಿಸಿಕೊಳ್ಳಲು ಕೆಲವು ಆರಂಭದ ನುಡಿಗಳಿರುತ್ತವೆ: ‘ನನ್ನ ಸಿದ್ಧಾಂತ’, ‘ನನಗೆ ಅರ್ಥವಾಗಬೇಕಿರುವುದು’, ‘ಹೊಸ ಮಾಹಿತಿ’, ‘ಈ ಸಿದ್ಧಾಂತ ವಿವರಿಸಲಾರದ್ದು’, ಹೀಗೆ. ಇದಕ್ಕಾಗಿ ಆ ತಂತ್ರಾಂಶವೇ ಬೇಕೆಂದಿಲ್ಲ. ಇಂಥ ನಾಲ್ಕೈದು ನುಡಿಗಳನ್ನು ಪಿನ್ ಮಾಡಿ. ನಮ್ಮ ಗುಂಪಿನಲ್ಲಿ ಹೆಚ್ಚು ಬಳಕೆಯಾದವು: ‘ನೀವು ಹೇಳಿದ್ದು ಹೀಗಾ?’, ‘ಒಪ್ಪುತ್ತೇನೆ, ಆದರೆ ಈ ಒಂದು ಸಂದರ್ಭದಲ್ಲಿ…’, ‘ಇದು ಹೇಗೆ ಗೊತ್ತಾಯಿತು?’, ‘ನಿಮ್ಮ ಮಾತು ಮತ್ತು ಅವರ ಮಾತು ಸೇರಿಸಿದರೆ…’.

ಮಂಜುಗಡ್ಡೆಯ ಥ್ರೆಡ್ ಎರಡನೆಯ ದಿನ ನಡೆದದ್ದು ಹೆಚ್ಚುಕಡಿಮೆ ಹೀಗೆ:

— ಮಾಡಿ ನೋಡಿದೆ. ಚೆಲ್ಲಲಿಲ್ಲ, ಇಳಿಯಲೂ ಇಲ್ಲ. ನನ್ನ ಊಹೆ ತಪ್ಪು. ಆದರೆ ಯಾಕೆ ಅಂತ ಗೊತ್ತಾಗ್ತಿಲ್ಲ.
— 90 ಗ್ರಾಂ ಮಂಜು ಅಂದುಕೊಳ್ಳಿ. ಅದು ತೇಲಬೇಕಾದರೆ 90 ಗ್ರಾಂ ನೀರನ್ನು, ಅಂದರೆ 90 ಮಿಲಿಯಷ್ಟನ್ನು ಪಕ್ಕಕ್ಕೆ ಸರಿಸಬೇಕು. ಕರಗಿದ ಮೇಲೆ ಅದೇ 90 ಮಿಲಿ ನೀರು. ಸರಿಸಿದ ಜಾಗಕ್ಕೆ ಸರಿಯಾಗಿ ಕೂರುತ್ತೆ.
— ಮಂಜಿನ ಗಾತ್ರ ಸುಮಾರು 98 ಮಿಲಿ ಇರುತ್ತಲ್ಲ, ಆ 8 ಮಿಲಿ ಎಲ್ಲಿ ಹೋಯ್ತು?
— ಓ! ಅದೇ ನೀರಿನ ಮೇಲೆ ಕಾಣ್ತಿದ್ದ ತುದಿ!
— ಒಪ್ಪುತ್ತೇನೆ, ಆದರೆ ಲೋಟದಲ್ಲಿ ಉಪ್ಪುನೀರಿದ್ದರೆ?

ಕೊನೆಯ ಸಾಲು ನೋಡಿ. ಪಿನ್ ಮಾಡಿದ ‘ಒಪ್ಪುತ್ತೇನೆ, ಆದರೆ’ ಇಲ್ಲದಿದ್ದರೆ ಅದು ಹುಟ್ಟುತ್ತಿತ್ತೋ ಇಲ್ಲವೋ. ಅಲ್ಲಿಂದ ಚರ್ಚೆ ಇನ್ನೂ ಎರಡು ದಿನ ಓಡಿತು. ಉಪ್ಪು ಕರಗಿಸಿದಷ್ಟೂ ಕರಗಿಸಿದ ನೀರಿನ ಸಾಂದ್ರತೆ ಮಿಲಿಗೆ ಸುಮಾರು 1.2 ಗ್ರಾಂ, ಹಾಗಾಗಿ 90 ಗ್ರಾಂ ಮಂಜು ಸರಿಸುವುದು 75 ಮಿಲಿಯನ್ನು ಮಾತ್ರ, ಕರಗಿ ಬರುವುದು 90 ಮಿಲಿ, ಮಟ್ಟ ಏರಲೇಬೇಕು ಎಂದು ಅವರವರೇ ಲೆಕ್ಕ ಹಾಕಿಕೊಂಡರು. ಆ ಥ್ರೆಡ್‌ನಲ್ಲಿ ನಾನು ಬರೆದದ್ದು ಎರಡೇ ಸಾಲು. ಅದೂ ‘ತುಂಬಿದ ಲೋಟದ ಕೆಳಗೆ ತಟ್ಟೆ ಇಡಿ’ ಎಂಬ ಅಡುಗೆಮನೆಯ ಸಲಹೆ.

ಹಂತ 6: ಸುಮ್ಮನಿರುವುದನ್ನು ಅಭ್ಯಾಸ ಮಾಡಿ

ಎರಡೇ ಸಾಲು ಬರೆಯುವ ಸಂಯಮ ನನಗೆ ಹುಟ್ಟುಗುಣವಲ್ಲ. ಅದಕ್ಕೂ ಮುಂಚಿನ ಒಂದು ಗುಂಪಿನಲ್ಲಿ ಯಾರು ಏನು ಕೇಳಿದರೂ ಹತ್ತು ನಿಮಿಷದಲ್ಲಿ ನನ್ನ ಉದ್ದನೆಯ ಉತ್ತರ ಬೀಳುತ್ತಿತ್ತು. ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ. ಎರಡು ತಿಂಗಳಾದ ಮೇಲೆ ಹಿಂತಿರುಗಿ ನೋಡಿದರೆ ಪ್ರತಿ ಥ್ರೆಡ್‌ನಲ್ಲೂ ಎರಡೇ ಪೋಸ್ಟ್: ಒಂದು ಪ್ರಶ್ನೆ, ಒಂದು ನಾನು. ಕೊನೆಗೆ ನಾನು ಒಂದು ವಾರ ಕಾಯಿಲೆ ಬಿದ್ದೆ. ಏಳು ಪ್ರಶ್ನೆಗಳು ಒಂದರ ಮೇಲೊಂದು ಕೂತಿದ್ದವು, ಒಂದಕ್ಕೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಅವುಗಳಲ್ಲಿ ಮೂರಕ್ಕಾದರೂ ಉತ್ತರ ಬಲ್ಲವರು ಆ ಗುಂಪಿನಲ್ಲೇ ಇದ್ದರು.

ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಗಮನಿಸಿದ್ದು ಇದನ್ನೇ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಕಾಯುತ್ತಿದ್ದರು, ಅಷ್ಟೇ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾದವು, ಕೇಳದೆಯೇ ಕೈ ಎತ್ತುವವರು ಹೆಚ್ಚಿದರು. ಆನ್‌ಲೈನ್ ಚರ್ಚೆಯಲ್ಲಿ ಆ ಮೂರು ಸೆಕೆಂಡಿಗೆ ಸಮ ಎಂದರೆ ನನ್ನ ಲೆಕ್ಕದಲ್ಲಿ ಒಂದು ಇಡೀ ದಿನ. ಜನ ಕೆಲಸ ಮುಗಿಸಿ ಬಂದು, ಓದಿ, ಯೋಚಿಸಿ ಬರೆಯಬೇಕಲ್ಲ.

24 ಗಂಟೆ ಕಾದರೂ ಯಾರೂ ಬರೆಯದಿದ್ದರೆ ಉತ್ತರ ಕೊಡಬೇಡಿ, ಉತ್ತರ ಬಲ್ಲವರನ್ನು ಕರೆಯಿರಿ. ಖಾಸಗಿಯಾಗಿ ಒಂದು ಸಾಲು: ‘ಕಳೆದ ವಾರ ನೀವು ಪಟ್ಟ ಪಾಡೇ ಇವರದ್ದೂ ಅನಿಸುತ್ತೆ, ಒಮ್ಮೆ ನೋಡ್ತೀರಾ?’ ಎಲ್ಲರೆದುರು ಹೆಸರು ಹಿಡಿದು ಕರೆದರೆ ಕೆಲವರು ಇನ್ನಷ್ಟು ಒಳಗೆ ಸರಿಯುತ್ತಾರೆ.

ಕಾಯಬಾರದ ಸಂದರ್ಭಗಳೂ ಇವೆ: ಯಾರಾದರೂ ಯಾರನ್ನಾದರೂ ಹೀಯಾಳಿಸಿದಾಗ, ವಿದ್ಯುತ್ತು, ರಾಸಾಯನಿಕ, ಔಷಧದ ವಿಷಯದಲ್ಲಿ ಅಪಾಯದ ಸಲಹೆ ಬಂದಾಗ, ಯಾರದ್ದೋ ಖಾಸಗಿ ವಿವರ ಬಯಲಾದಾಗ. ಅಂಥದ್ದನ್ನು ಕಂಡ ಕೂಡಲೇ ಮರೆಮಾಡಿ, ಕಾರಣ ಆಮೇಲೆ ವಿವರಿಸಿ. ಅಭಿಪ್ರಾಯದ ಜಗಳ ಬೇರೆ. ಅದು ಮೂರನೆಯ ಸುತ್ತಿಗೆ ಬಂದರೆ ಇಬ್ಬರಿಗೂ ಒಂದೇ ಕೆಲಸ ಕೊಡಿ: ಎದುರಿನವರ ವಾದವನ್ನು ಅವರು ‘ಹೌದು, ಇದೇ ನನ್ನ ಮಾತು’ ಎಂದು ಒಪ್ಪುವ ಹಾಗೆ ಬರೆಯಿರಿ. ಬಹಳ ಸಲ ಅಲ್ಲೇ ತಣ್ಣಗಾಗುತ್ತದೆ.

ಹಂತ 7: ವಾರದ ಕೊನೆಗೆ ಹೆಣೆಯಿರಿ

ರ‍್ಯಾಂಡಿ ಗ್ಯಾರಿಸನ್, ಟೆರಿ ಆ್ಯಂಡರ್ಸನ್, ವಾಲ್ಟರ್ ಆರ್ಚರ್ ಎಂಬ ಮೂವರು 2000ದಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಿಂದ ಒಂದು ಚೌಕಟ್ಟು ಮುಂದಿಟ್ಟರು. ಅದರ ಪ್ರಕಾರ ಚರ್ಚೆಯಲ್ಲಿ ನಾಲ್ಕು ಘಟ್ಟಗಳು: ಕೆಣಕುವುದು, ಹುಡುಕುವುದು, ಬೆಸೆಯುವುದು, ಇತ್ಯರ್ಥಕ್ಕೆ ಬರುವುದು. ಅವರು ನಿಜವಾದ ಚರ್ಚೆಗಳನ್ನು ಹಿಡಿದು ನೋಡಿದಾಗ ಹೆಚ್ಚಿನ ಮಾತುಗಳು ಎರಡನೆಯ ಘಟ್ಟದಲ್ಲೇ ಸಿಕ್ಕಿಕೊಂಡಿದ್ದವು. ಎಲ್ಲರೂ ತಂದು ಸುರಿಯುತ್ತಾರೆ, ಬೆಸೆಯುವವರಿಲ್ಲ. ನಾನು ಕಂಡ ಗುಂಪುಗಳಲ್ಲೂ ಇದೇ ಕತೆ.

ಹೆಣಿಗೆ ಎಂದರೆ ಸಾರಾಂಶವಲ್ಲ. ‘ಈ ವಾರ 31 ಪೋಸ್ಟ್ ಬಂದವು, ಎಲ್ಲರಿಗೂ ಅಭಿನಂದನೆ’ ಅನ್ನುವುದಂತೂ ಅಲ್ಲವೇ ಅಲ್ಲ. ಯಾರ ಮಾತು ಯಾರ ಮಾತಿಗೆ ತಗುಲಿಕೊಂಡಿತು, ಎಲ್ಲಿ ಒಪ್ಪಿದರು, ಏನು ಉಳಿಯಿತು, ಇವು ಹತ್ತು ಸಾಲಿನಲ್ಲಿ ಬರಬೇಕು. ಮಂಜುಗಡ್ಡೆಯ ವಾರದ ಹೆಣಿಗೆಯಲ್ಲಿ ಇಂಥದ್ದೊಂದು ಸಾಲಿತ್ತು: ‘ಮಟ್ಟ ಇಳಿಯುತ್ತದೆ ಎಂದವರ ಊಹೆ ತಪ್ಪಿತು, ಆದರೆ ಮಂಜು ಹೆಚ್ಚು ಜಾಗ ಹಿಡಿಯುತ್ತದೆ ಎಂಬ ಅವರ ಕಾರಣ ಸರಿ ಇತ್ತು. ಆ ಹೆಚ್ಚಿನ ಜಾಗ ನೀರಿನ ಮೇಲಿತ್ತು ಎಂಬುದಷ್ಟೇ ಬಿಟ್ಟುಹೋಗಿತ್ತು.’ ತಪ್ಪಿದವರ ಹೆಸರು ಮರ್ಯಾದೆಯಿಂದ ಬಂದದ್ದು ನೋಡಿ ಮುಂದಿನ ವಾರ ಊಹೆ ಬರೆಯಲು ಹೆದರಿದವರು ಕಡಿಮೆ.

ಮೊದಲ ಎರಡು ವಾರ ನೀವು ಹೆಣೆಯಿರಿ, ಮಾದರಿ ತೋರಲಿ. ಮೂರನೆಯ ವಾರದಿಂದ ಸದಸ್ಯರಿಗೆ ಸರದಿ ಹಾಕಿ. ಹೆಣೆಯುವವರು ಎಲ್ಲರ ಮಾತನ್ನೂ ಎರಡು ಸಲ ಓದಲೇಬೇಕಾಗುತ್ತದೆ. ನನ್ನ ಅನುಭವದಲ್ಲಿ ಆ ವಾರ ಅತಿ ಹೆಚ್ಚು ಕಲಿಯುವವರು ಅವರೇ.

ವಾರದ ಲಯ ಹೀಗಿಟ್ಟುಕೊಂಡರೆ ಅನುಕೂಲ: ಸೋಮವಾರ ಪ್ರಶ್ನೆ, ಬುಧವಾರದೊಳಗೆ ಮೊದಲ ಉತ್ತರ, ಶುಕ್ರವಾರದವರೆಗೆ ಪರಸ್ಪರ ಮಾತು, ಶನಿವಾರ ಹೆಣಿಗೆ, ಭಾನುವಾರ ಬಿಡುವು. ಭಾನುವಾರದ ರಜೆ ಚರ್ಚೆ ನಡೆಸುವ ಮಾಡರೇಟರ್‌ಗೂ ಬೇಕು.

ಹಂತ 8: ಬರೆಯದವರ ಬಗ್ಗೆ

ಆನ್‌ಲೈನ್ ಸಮುದಾಯಗಳಲ್ಲಿ ನೂರರಲ್ಲಿ 90 ಜನ ಓದಿ ಹೋಗುತ್ತಾರೆ, 9 ಜನ ಆಗೀಗ ಬರೆಯುತ್ತಾರೆ, ಒಬ್ಬರು ಬರೆಯುತ್ತಲೇ ಇರುತ್ತಾರೆ ಎಂದು ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಬರೆದರು. ಅದು ತೆರೆದ ಜಾಲತಾಣಗಳನ್ನು ನೋಡಿ ಹೇಳಿದ ಅಂದಾಜು. ಗುರಿ ಇರುವ ಸಣ್ಣ ಗುಂಪು ಇದಕ್ಕಿಂತ ಎಷ್ಟೋ ಚೆನ್ನಾಗಿರಲು ಸಾಧ್ಯ. ಆದರೂ ಮೌನಿಗಳು ಇದ್ದೇ ಇರುತ್ತಾರೆ, ಮತ್ತು ಮೌನವೆಲ್ಲ ಒಂದೇ ಅಲ್ಲ. ಅಂಚಿನಲ್ಲಿ ನಿಂತು ನೋಡುವುದೂ ಕಲಿಕೆಯ ಒಂದು ನ್ಯಾಯವಾದ ಘಟ್ಟ ಎಂದು ಕಲಿಕೆಯ ಸಂಶೋಧಕರಾದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲೇ ವಾದಿಸಿದ್ದಾರೆ. ಕೆಲವರು ನೋಡಿ ನೋಡಿ ಆಮೇಲೆ ಇಳಿಯುತ್ತಾರೆ.

ಇನ್ನು ಕೆಲವರಿಗೆ ಇರುವುದು ಬೇರೆ ತಡೆ. ಕನ್ನಡ ಟೈಪಿಂಗ್ ಬಾರದು ಎಂಬ ಸಂಕೋಚಕ್ಕೆ ಧ್ವನಿ ಸಂದೇಶ ಒಪ್ಪಿಕೊಳ್ಳಿ, ಒಂದೂವರೆ ನಿಮಿಷದ ಮಿತಿ ಹಾಕಿ, ಕೆಳಗೆ ಒಂದು ಸಾಲಿನ ಸಾರ ಬರೆಯುವ ಕೆಲಸ ಇನ್ನೊಬ್ಬರಿಗೆ ಕೊಡಿ. ಅಲ್ಲೂ ಒಬ್ಬರಿಗೆ ಇನ್ನೊಬ್ಬರು ಬೇಕಾದರು ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಬರೆಯಲಿ, ಕಾಗುಣಿತ ತಿದ್ದಲು ಹೋಗಬೇಡಿ. ತಪ್ಪಾದರೆ ನಗುತ್ತಾರೆ ಎಂಬ ಭಯಕ್ಕೆ ಹೆಸರಿಲ್ಲದೆ ಕೇಳುವ ದಾರಿ ಇರಲಿ. ಉಪಕರಣದಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಒಂದು ಆನ್‌ಲೈನ್ ಫಾರ್ಮ್ ಸಾಕು, ಬಂದ ಪ್ರಶ್ನೆಯನ್ನು ನೀವೇ ಹಾಕಿ. ದಿನಕ್ಕೆ ಹದಿನೈದು ಸಲ ಬರೆದು ಉಳಿದವರ ಬಾಯಿ ಮುಚ್ಚಿಸುವವರೂ ಇರುತ್ತಾರಲ್ಲ, ಅವರಿಗೆ ಹೆಣಿಗೆಯ ಕೆಲಸ ಬೇಗ ಒಪ್ಪಿಸಿ. ಓದುವುದರಲ್ಲಿ ಮುಳುಗುತ್ತಾರೆ.

ಹಂತ 9: ಅಂಕ ಕೊಡಲೇಬೇಕಾದರೆ

ಪೋಸ್ಟ್ ಎಣಿಸಬೇಡಿ. ಎಣಿಸಿದರೆ ಗಡುವಿನ ರಾತ್ರಿ ಹನ್ನೊಂದೂವರೆಗೆ ಪೋಸ್ಟ್‌ಗಳ ಮಳೆ ಬೀಳುತ್ತದೆ, ಯಾರೂ ಯಾರದ್ದನ್ನೂ ಓದಿರುವುದಿಲ್ಲ. ಕೋರ್ಸ್ ಮುಗಿದ ಮೇಲೆ ವಿದ್ಯಾರ್ಥಿಯೇ ತನ್ನ ಎರಡು ಪೋಸ್ಟ್‌ಗಳನ್ನು ಆರಿಸಿ ಕೊಡಲಿ: ತನ್ನ ಅಭಿಪ್ರಾಯ ಬದಲಾದದ್ದು ಒಂದು, ತನ್ನ ಮಾತಿನಿಂದ ಬೇರೆಯವರಿಗೆ ಸಹಾಯವಾದದ್ದು ಒಂದು. ಜೊತೆಗೆ ಅರ್ಧ ಪುಟ ವಿವರಣೆ. ಮೌಲ್ಯಮಾಪನವೂ ಬೇಗ ಮುಗಿಯುತ್ತದೆ.

ಹಂತ 10: ಮುಗಿಸುವುದು

ಕೊನೆಯ ವಾರ ಹೊಸ ಪ್ರಶ್ನೆ ಬೇಡ. ಎಲ್ಲ ಹೆಣಿಗೆಗಳನ್ನೂ ಒಂದು ಕಡತಕ್ಕೆ ಸೇರಿಸಿ, ಹೆಸರು ಹಾಕಬೇಕೇ ಬೇಡವೇ ಎಂದು ಒಬ್ಬೊಬ್ಬರನ್ನೂ ಕೇಳಿ, ಎಲ್ಲರಿಗೂ ಕಳಿಸಿ. ಉತ್ತರ ಸಿಗದೆ ಉಳಿದ ಪ್ರಶ್ನೆಗಳ ಪಟ್ಟಿ ಬೇರೆ ಮಾಡಿ, ಮುಂದಿನ ತಂಡಕ್ಕೆ ಮೊದಲ ವಾರ ಕೊಡಲು ಅದಕ್ಕಿಂತ ಒಳ್ಳೆಯದು ಸಿಗದು. ಇಬ್ಬರು ಹಳಬರನ್ನು ಮುಂದಿನ ಸುತ್ತಿಗೆ ಮಾಡರೇಟರ್ ಆಗುತ್ತೀರಾ ಎಂದು ಕೇಳಿ. ಆಮೇಲೆ ಚರ್ಚೆಯನ್ನು ಓದಲು ಮಾತ್ರ ತೆರೆದಿಟ್ಟು ಬೀಗ ಹಾಕಿ. ಅಳಿಸಬೇಡಿ. ನಮ್ಮ ಉಪ್ಪುನೀರಿನ ಥ್ರೆಡ್‌ಗೆ ಬೀಗ ಹಾಕುವ ಹಿಂದಿನ ರಾತ್ರಿ ಒಬ್ಬರು ಬಂದು, ‘ಲೋಟದಲ್ಲಿ ಸಕ್ಕರೆ ಪಾನಕ ಇದ್ದರೂ ಹೀಗೇನಾ?’ ಎಂದು ಕೇಳಿದರು. ಬೀಗವನ್ನು ಮೂರು ದಿನ ಮುಂದೂಡಬೇಕಾಯಿತು.